‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’: ಗೇಮಿಂಗ್ ಕಂಪ್ಯೂಟರ್ ಫಾರ್ವರ್ಡುಗಳು ಹೇಳದೆ ಬಿಡುವುದೇನು?

“ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಬಣ್ಣದ ಲೈಟಿನ ಕ್ಯಾಬಿನೆಟ್. ಎಲ್ಲಾ ಗೇಮ್ ಓಡುತ್ತೆ, ಲೈವ್ ಸ್ಟ್ರೀಮಿಂಗ್ ಕೂಡ ಮಾಡಬಹುದು. ಬೆಲೆ ಕೇವಲ 18,000. ಸ್ಟಾಕ್ ಇರುವವರೆಗೆ ಮಾತ್ರ!”

ಈ ಧಾಟಿಯ ಸಂದೇಶ ನಿಮ್ಮ ಯಾವುದಾದರೂ ಗ್ರೂಪಿಗೆ ಬಂದೇ ಇರುತ್ತದೆ. ಪಿಯುಸಿ ಮುಗಿಸಿದ ಮಗನೋ ಮಗಳೋ ಅದನ್ನು ಮನೆಯಲ್ಲಿ ತೋರಿಸುತ್ತಾರೆ. ಅಂಗಡಿಯವರು ಹೇಳಿದ ಬೆಲೆಯ ಕಾಲು ಭಾಗಕ್ಕೆ ಅದೇ ಸಾಮಾನು ಸಿಗುತ್ತಿದೆಯಲ್ಲ ಎಂದು ಹಿರಿಯರೂ ತಲೆಯಾಡಿಸುತ್ತಾರೆ. ಚೀಟಿ ಎತ್ತಿದ ಹಣವೋ, ಹಬ್ಬದ ಬೋನಸ್ಸೋ ಅದಕ್ಕೆ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಇಂಥ ಖರೀದಿ ಐದಾರು ವರ್ಷಕ್ಕೊಮ್ಮೆ ಆಗುವಂಥದ್ದು, ತಪ್ಪಿದರೆ ಮತ್ತೆ ಕೇಳುವಂತಿಲ್ಲ.

ವಿಚಿತ್ರ ಏನೆಂದರೆ, ಈ ಸಂದೇಶದಲ್ಲಿ ಒಂದು ಸುಳ್ಳೂ ಇಲ್ಲದೆ ಇರಬಹುದು. ಐ7 ಇರುವುದು ನಿಜ, 16 ಜಿಬಿ ನಿಜ, 4 ಜಿಬಿಯೂ ನಿಜ. ಆದರೂ ಆ ಯಂತ್ರ ಈಗಿನ ಗೇಮ್ ಎದುರು ಏದುಸಿರು ಬಿಡಬಹುದು. ಕಂಪ್ಯೂಟರಿನ ಯಾವುದೇ ಭಾಗದ ತಾಕತ್ತು ಗೊತ್ತಾಗುವುದು ಅದರ ಪೂರ್ತಿ ಹೆಸರಿನಿಂದ. ಫಾರ್ವರ್ಡುಗಳು ಮೊದಲು ಕತ್ತರಿಸಿ ಹಾಕುವುದೇ ಆ ಹೆಸರಿನ ಬಾಲವನ್ನು.

ಅಜ್ಜ ಐ7, ಮೊಮ್ಮಗ ಐ3

ಪ್ರೊಸೆಸರಿನಿಂದ ಶುರುಮಾಡೋಣ. (ನಮ್ಮಲ್ಲಿ ಅನೇಕರು ಇಡೀ ಡಬ್ಬಕ್ಕೇ ‘ಸಿಪಿಯು’ ಎನ್ನುತ್ತಾರೆ. ನಿಜವಾದ ಸಿಪಿಯು ಅದರೊಳಗೆ, ಫ್ಯಾನಿನ ಕೆಳಗೆ ಕೂತಿರುವ ಬಿಸ್ಕತ್ತಿನಷ್ಟು ದೊಡ್ಡ ಚಿಪ್.) ಇಂಟೆಲ್ ಕಂಪನಿಯ ಮೊದಲ ಐ7 ಬಂದದ್ದು 2008ರಲ್ಲಿ. ಅಂದಿನಿಂದ ಹತ್ತಾರು ಬಗೆಯ ಐ7ಗಳು ಬಂದಿವೆ. ‘ಐ7’ ಎಂದಷ್ಟೇ ಹೇಳುವುದು ‘ಸ್ವಂತ ಬೈಕ್ ಇದೆ’ ಎಂದಷ್ಟೇ ಹೇಳಿದಂತೆ. ಯಾವ ಬೈಕು, ಯಾವ ವರ್ಷದ್ದು ಎಂಬುದು ಗೊತ್ತಾಗುವುದಿಲ್ಲ.

ಎರಡು ಚಿಪ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು, 2011ರ ಐ7-2600. ಇನ್ನೊಂದು, 2022ರ ಐ3-12100. ಎರಡಕ್ಕೂ ತಲಾ 4 ಕೋರ್, 8 ಥ್ರೆಡ್. ಗರಿಷ್ಠ ವೇಗ ಹಳೆಯದಕ್ಕೆ 3.8 ಗಿಗಾಹರ್ಟ್ಸ್, ಹೊಸದಕ್ಕೆ 4.3. ಕಾಗದದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಗಿಗಾಹರ್ಟ್ಸ್ ಎಂದರೆ ಚಿಪ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ ಮಾತ್ರ. ಪ್ರತಿ ಮಿಡಿತಕ್ಕೆ ಎಷ್ಟು ಕೆಲಸ ಮುಗಿಸುತ್ತದೆ ಎಂಬುದು ಬೇರೆಯೇ ಲೆಕ್ಕ. ಹನ್ನೊಂದು ವರ್ಷಗಳಲ್ಲಿ ಸುಧಾರಿಸಿದ್ದು ಅದೇ. ಗೇಮ್ ಆಡುವಾಗ ಮೊಮ್ಮಗ ಐ3, ಅಜ್ಜ ಐ7ನನ್ನು ಬಹಳ ಹಿಂದೆ ಹಾಕುತ್ತದೆ.

ಹೆಸರಿನ ಬಾಲವನ್ನು ಓದುವುದು ಕಷ್ಟವೇನಲ್ಲ. ಇಂಟೆಲ್‌ನ ಈ ಸಾಲಿನ ಚಿಪ್‌ಗಳಲ್ಲಿ ಕೊನೆಯ ಮೂರು ಅಂಕಿಗಳನ್ನು ಬಿಟ್ಟರೆ ಉಳಿಯುವುದು ತಲೆಮಾರು: 2600 ಎಂದರೆ ಎರಡನೆಯದು, 12100 ಎಂದರೆ ಹನ್ನೆರಡನೆಯದು. ಕೊನೆಗೆ ‘ಎಫ್’ ಅಕ್ಷರ ಇದ್ದರೆ ಆ ಚಿಪ್‌ನೊಳಗೆ ಗ್ರಾಫಿಕ್ಸ್ ಇಲ್ಲ. ಪ್ರತ್ಯೇಕ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂಡಿ ಕಂಪನಿಯ ರೈಜನ್ 5000 ಸಾಲಿನಲ್ಲಿ ಇದು ಉಲ್ಟಾ: ಒಳಗೆ ಗ್ರಾಫಿಕ್ಸ್ ಇರುವ ಚಿಪ್‌ಗೆ ಕೊನೆಯಲ್ಲಿ ‘ಜಿ’ ಬರುತ್ತದೆ.

ತಲೆಮಾರು ಮುಖ್ಯವಾಗಲು ಇನ್ನೊಂದು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಎಂಟನೇ ತಲೆಮಾರಿನ ಅಥವಾ ನಂತರದ ಇಂಟೆಲ್ ಚಿಪ್ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ. ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಆದರೆ ನಮ್ಮ ಹುಡುಗರ ಅಚ್ಚುಮೆಚ್ಚಿನ ವ್ಯಾಲರಂಟ್, ವಿಂಡೋಸ್ 11ರಲ್ಲಿ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಇರಲೇಬೇಕು ಎನ್ನುತ್ತದೆ. ಅಡ್ಡದಾರಿ ಅಲ್ಲಿಗೆ ಮುಗಿಯಿತು.

4 ಜಿಬಿ ಎಂದರೆ ಗೋದಾಮು, ಬಾಗಿಲಲ್ಲ

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಂತೂ ‘ಎಷ್ಟು ಜಿಬಿ’ ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಎನ್‌ವಿಡಿಯಾದ ಜಿಟಿ 730 ಬಂದದ್ದು 2014ರಲ್ಲಿ. ಒಂದೇ ಹೆಸರಿನಲ್ಲಿ ಒಳಗೆ ಬೇರೆ ಬೇರೆ ಚಿಪ್, ಬೇರೆ ಬೇರೆ ಮೆಮೊರಿ ಇರುವ ಕಾರ್ಡುಗಳು ಮಾರಾಟವಾದವು. ಡಿಡಿಆರ್3 ಮೆಮೊರಿಯ 64 ಬಿಟ್ ಮಾದರಿಯಲ್ಲಿ ಚಿಪ್ ಮತ್ತು ಮೆಮೊರಿ ನಡುವೆ ಸೆಕೆಂಡಿಗೆ ಸಾಗುವ ಮಾಹಿತಿ ಸುಮಾರು 14.4 ಜಿಬಿ. 2019ರ ಜಿಟಿಎಕ್ಸ್ 1650 ಕಾರ್ಡಿನಲ್ಲೂ ಇರುವುದು 4 ಜಿಬಿ ಮೆಮೊರಿಯೇ, ಆದರೆ ಅಲ್ಲಿ ಈ ಹರಿವು ಸೆಕೆಂಡಿಗೆ 128 ಜಿಬಿ. ಜಿಬಿ ಎಂಬುದು ಗೋದಾಮಿನ ಗಾತ್ರ ಹೇಳುತ್ತದೆಯೇ ಹೊರತು ಅದರ ಬಾಗಿಲು ಎಷ್ಟು ಅಗಲ, ಒಳಗೆ ಎಷ್ಟು ಜನ ಹಮಾಲರಿದ್ದಾರೆ ಎಂದು ಹೇಳುವುದಿಲ್ಲ.

ಹಾಗೆಂದು ಜಿಬಿ ಲೆಕ್ಕಕ್ಕೇ ಇಲ್ಲವೆಂದಲ್ಲ. ಈಗಿನ ದೊಡ್ಡ ಗೇಮುಗಳು ಚಿತ್ರದ ಸಾಮಗ್ರಿಯನ್ನು ಕಾರ್ಡಿನ ಮೆಮೊರಿಗೆ ತುಂಬಿಕೊಳ್ಳುತ್ತವೆ. ಅಲ್ಲಿ ಜಾಗ ಸಾಲದಿದ್ದರೆ ಆಟ ತಡವರಿಸುತ್ತದೆ. ಹೊಸದಾಗಿ ಕೊಳ್ಳುವವರು 8 ಜಿಬಿಗಿಂತ ಕಡಿಮೆಯದನ್ನು ನೋಡದಿರುವುದು ಒಳ್ಳೆಯದು. ಮೊದಲು ಮಾದರಿ ಯಾವುದು ಎಂದು ಕೇಳಿ, ಜಿಬಿ ಆಮೇಲೆ.

ಇನ್ನು ಹೆಸರೇ ನಕಲಿಯಾಗಿರುವ ಕಾರ್ಡುಗಳೂ ಇವೆ. ಹಳೆಯ ಕಾರ್ಡಿನೊಳಗಿನ ತಂತ್ರಾಂಶವನ್ನು ತಿದ್ದಿ, ವಿಂಡೋಸ್‌ಗೆ ಅದು ಹೊಸ ಕಾರ್ಡಿನಂತೆ ಕಾಣುವ ಹಾಗೆ ಮಾಡಿರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ಕಾರ್ಡುಗಳನ್ನು ಗುರುತಿಸಿ ‘ನಕಲಿ’ ಎಂದು ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ದುಡ್ಡು ಕೊಡುವ ಮೊದಲೇ ಅದನ್ನು ಓಡಿಸಿ ನೋಡಬೇಕು. ತೋರಿಸಲು ಒಪ್ಪದವನ ಹತ್ತಿರ ಕೊಳ್ಳಬೇಡಿ.

ದರ್ಶಿನಿಯ ಕಾವಲಿ

ಎರಡು ಭಾಗಗಳೂ ಒಳ್ಳೆಯವೇ ಆದರೂ ಜೋಡಿ ಸರಿಯಿಲ್ಲದಿದ್ದರೆ ಹಣ ವ್ಯರ್ಥ. ಗೇಮ್ ಎಂದರೆ ಸರಸರ ಮಗುಚುವ ಚಿತ್ರಗಳ ಸರಣಿ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, 144 ಬೇಕೆಂದರೆ ಬರೀ 7 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ‘ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು’ ಎಂದು ಲೆಕ್ಕ ಹಾಕಿಕೊಡಬೇಕು, ಗ್ರಾಫಿಕ್ಸ್ ಕಾರ್ಡ್ ಅದನ್ನು ಚಿತ್ರವಾಗಿ ಬಿಡಿಸಬೇಕು. ದರ್ಶಿನಿಯಲ್ಲಿ ಟೋಕನ್ ಕೊಡುವವನು ಮತ್ತು ದೋಸೆ ಹುಯ್ಯುವವನು ಇದ್ದ ಹಾಗೆ. ಎಂಟು ದೋಸೆ ಹಿಡಿಯುವ ಕಾವಲಿ ತಂದಿಟ್ಟರೂ ಟೋಕನ್ ನಿಧಾನವಾಗಿ ಬಂದರೆ ಕಾವಲಿ ಖಾಲಿ ಕಾಯುತ್ತದೆ. ಹಳೆಯ ಪ್ರೊಸೆಸರಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದಾಗ ಆಗುವುದು ಇದೇ.

ಮತ್ತೊಂದು ಮರೆತುಹೋಗುವ ಸಂಗತಿ ಮಾನಿಟರ್. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ ಹೊಸದಾಗಿ ತೋರಿಸುವುದು 60 ಚಿತ್ರ ಮಾತ್ರ. ಕಂಪ್ಯೂಟರ್ 200 ಚಿತ್ರ ತಯಾರಿಸಿದರೂ ಕಣ್ಣಿಗೆ ಪೂರ್ತಿ ತಲುಪುವುದಿಲ್ಲ. ಹಾಗಾಗಿ ಮಾನಿಟರ್ ಯಾವುದೆಂದು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಕಾರ್ಡ್, ಆ ಕಾರ್ಡಿಗೆ ತಕ್ಕ ಪ್ರೊಸೆಸರ್ ಎಂದು ಹಿಂದಿನಿಂದ ಮುಂದಕ್ಕೆ ಬರುವುದೇ ಜಾಣತನ. ನಮ್ಮಲ್ಲಿ ಬಹುತೇಕರು ಐ7ನಿಂದ ಶುರುಮಾಡಿ, ಮಾನಿಟರಿಗೆ ಬರುವಷ್ಟರಲ್ಲಿ ಕೈ ಖಾಲಿ ಮಾಡಿಕೊಂಡಿರುತ್ತಾರೆ.

ಆಡುವುದು ಬೇರೆ, ಆಡಿದ್ದನ್ನು ಕಳಿಸುವುದು ಬೇರೆ

‘ಸ್ಟ್ರೀಮಿಂಗ್ ಕೂಡ ಮಾಡಬಹುದು’ ಎಂಬ ಸಾಲು ಸಂದೇಶದಲ್ಲಿ ಬಿಟ್ಟಿ ಉಡುಗೊರೆಯಂತೆ ಕೂತಿರುತ್ತದೆ. ಅದರ ಹಿಂದಿನ ಕೆಲಸ ಎಷ್ಟೆಂದು ನೋಡೋಣ. 1920×1080 ಚುಕ್ಕೆಗಳ ಪರದೆ, ಚುಕ್ಕೆಗೆ 24 ಬಿಟ್ ಬಣ್ಣ, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಹತ್ತಿರಹತ್ತಿರ 3,000 ಮೆಗಾಬಿಟ್. ಟ್ವಿಚ್ ತಾಣ ಈ ಗುಣಮಟ್ಟದ ಪ್ರಸಾರಕ್ಕೆ ಸೂಚಿಸುವುದು ಸೆಕೆಂಡಿಗೆ 6 ಮೆಗಾಬಿಟ್. ಅಂದರೆ ಗೇಮ್ ನಡೆಯುತ್ತಿರುವಾಗಲೇ, ಇನ್ನೊಂದು ಕಡೆ ಚಿತ್ರವನ್ನು ಸುಮಾರು 500ರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತಲೇ ಇರಬೇಕು, ನೋಡುವವರಿಗೆ ಗೊತ್ತಾಗದ ಹಾಗೆ. ಇದಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ.

ಹಿಂದೆ ಇದನ್ನು ಪ್ರೊಸೆಸರೇ ಮಾಡಬೇಕಿತ್ತು. ಆಟವನ್ನೂ ನೋಡಿಕೊಂಡು ಇದನ್ನೂ ಮಾಡುವಾಗ ಅದು ಸೋಲುತ್ತಿತ್ತು. ‘ಸ್ಟ್ರೀಮಿಂಗ್‌ಗೆ ಎರಡು ಕಂಪ್ಯೂಟರ್ ಬೇಕು’, ‘16 ಕೋರ್ ಬೇಕೇ ಬೇಕು’ ಎಂಬ ಮಾತುಗಳು ಹುಟ್ಟಿದ್ದು ಆ ಕಾಲದಲ್ಲಿ. ಈಗ ಹೆಚ್ಚಿನ ಗ್ರಾಫಿಕ್ಸ್ ಕಾರ್ಡುಗಳ ಒಳಗೆ ಈ ಕೆಲಸಕ್ಕೆಂದೇ ಪ್ರತ್ಯೇಕ ಭಾಗವಿರುತ್ತದೆ. ಇಂಟೆಲ್ 2011ರಲ್ಲಿ, ಎನ್‌ವಿಡಿಯಾ 2012ರಲ್ಲಿ ಇದನ್ನು ತಂದವು. 2018ರ ಆರ್‌ಟಿಎಕ್ಸ್ 20 ಸಾಲಿನಿಂದ ಎನ್‌ವಿಡಿಯಾ ಎನ್‌ಕೋಡರ್‌ನ ಗುಣಮಟ್ಟ ಎಷ್ಟು ಸುಧಾರಿಸಿತೆಂದರೆ, ಮನೆಯಲ್ಲಿ ಕೂತು ಸ್ಟ್ರೀಮ್ ಮಾಡುವವರಿಗೆ ಎರಡನೇ ಕಂಪ್ಯೂಟರಿನ ಮಾತೇ ಬೇಡವಾಯಿತು. ಪ್ರಸಾರಕ್ಕೆ ಬೇಕಾದ ಒಬಿಎಸ್ ಸ್ಟುಡಿಯೋ ತಂತ್ರಾಂಶವಂತೂ ಪೂರ್ತಿ ಉಚಿತ. ‘ಸ್ಟ್ರೀಮಿಂಗ್ ಸಾಫ್ಟ್‌ವೇರ್ ಸಮೇತ’ ಎಂದು ಅದಕ್ಕೆ ಹಣ ಕೇಳಿದರೆ ಕೊಡಬೇಡಿ.

ಆದರೆ ಇಲ್ಲೂ ಪೂರ್ತಿ ಹೆಸರಿನದೇ ಆಟ. ಎನ್‌ವಿಡಿಯಾದ ಜಿಟಿ 1030 ಕಾರ್ಡಿನಲ್ಲಿ ಎನ್‌ಕೋಡರ್ ಇಲ್ಲ. ತೀರಾ ಹಳೆಯ ಕಾರ್ಡಿನ ಮಾತು ಬಿಡಿ, 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನಲ್ಲೂ ಅದು ಇಲ್ಲ. ಅದರಲ್ಲಿ ಆಟವಾಡಬಹುದು, ಪ್ರಸಾರಕ್ಕೆ ಹೊರಟರೆ ಇಡೀ ಭಾರ ಮತ್ತೆ ಪ್ರೊಸೆಸರಿನ ತಲೆಗೆ. ಪೆಟ್ಟಿಗೆಯ ಮೇಲೆ ‘ಇದರಲ್ಲಿ ಎನ್‌ಕೋಡರ್ ಇಲ್ಲ’ ಎಂದು ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಸ್ಟ್ರೀಮ್ ಮಾಡುವುದೇ ಉದ್ದೇಶವಾಗಿದ್ದರೆ, ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಇಷ್ಟೆಲ್ಲ ಸರಿಯಾದರೂ ಇಂಟರ್ನೆಟ್ ಬಾಕಿ ಇದೆ. ಸ್ಪೀಡ್ ಟೆಸ್ಟ್ ಮಾಡಿದಾಗ ಎಲ್ಲರೂ ನೋಡುವುದು ಡೌನ್‌ಲೋಡ್. ಸ್ಟ್ರೀಮಿಂಗ್‌ಗೆ ಬೇಕಾದದ್ದು ಅಪ್‌ಲೋಡ್, ಅದೂ ಏರಿಳಿತವಿಲ್ಲದೆ. ಸೆಕೆಂಡಿಗೆ 6 ಮೆಗಾಬಿಟ್ ಎಂದರೆ ಗಂಟೆಗೆ 2.7 ಜಿಬಿ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಹೊರಟರೆ ಅರ್ಧ ಗಂಟೆಗೇ ಮುಗಿಯಿತು. ಫೈಬರ್ ಸಂಪರ್ಕ ಬಾರದ ಊರಿನಲ್ಲಿ ಎಷ್ಟೇ ಒಳ್ಳೆಯ ಕಾರ್ಡ್ ತಂದರೂ ನೋಡುವವರಿಗೆ ಕಾಣುವುದು ಸುತ್ತುತ್ತಿರುವ ಚಕ್ರ. ಅಂಥಲ್ಲಿ ಆಟವನ್ನು ರೆಕಾರ್ಡ್ ಮಾಡಿಟ್ಟು, ನಿಧಾನಕ್ಕೆ ಅಪ್‌ಲೋಡ್ ಮಾಡುವುದೇ ಲೇಸು. ಅದಕ್ಕೆ ಇನ್ನೂ ಕಡಿಮೆ ಬೆಲೆಯ ಯಂತ್ರ ಸಾಕು.

ಕೈಯಲ್ಲಿರುವ ಸ್ಮಾರ್ಟ್‌ಫೋನನ್ನು ಚಾಟ್ ನೋಡಲು ಎರಡನೇ ಪರದೆಯಾಗಿ, ಬೇಕಿದ್ದರೆ ವೆಬ್‌ಕ್ಯಾಮ್ ಆಗಿಯೂ ಬಳಸಬಹುದು. ಉಳಿದ ಹಣದಲ್ಲಿ ಒಂದು ಸಾಧಾರಣ ಮೈಕ್ ತನ್ನಿ. ಮಸುಕು ಚಿತ್ರವನ್ನು ಜನ ಸಹಿಸಿಕೊಳ್ಳುತ್ತಾರೆ, ಗೊರಗೊರ ಧ್ವನಿಯನ್ನಲ್ಲ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

‘ರ‍್ಯಾಮ್ ಹೆಚ್ಚಾದಷ್ಟೂ ವೇಗ ಹೆಚ್ಚು’ ಎಂಬುದು ಅರ್ಧ ಸತ್ಯ. ಸಾಲದೆ ಬಂದಾಗ ಯಂತ್ರ ನಿಧಾನವಾಗುತ್ತದೆ. ಸಾಕಾದ ಮೇಲೆ ಇನ್ನಷ್ಟು ಸುರಿದರೆ ಏನೂ ಆಗುವುದಿಲ್ಲ. ಗೇಮ್, ಒಬಿಎಸ್, ಬ್ರೌಸರ್ ಒಟ್ಟಿಗೆ ತೆರೆದಿಡುವವರಿಗೆ 16 ಜಿಬಿ ಕನಿಷ್ಠ, 32 ನಿರಾಳ. 16ರ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಒಳ್ಳೆಯದು, ಏಕೆಂದರೆ ಮಾಹಿತಿಗೆ ಎರಡು ದಾರಿ ಸಿಗುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದಕ್ಕೊಂದು ಹೊಂದುವುದಿಲ್ಲ. ಕಡ್ಡಿಯ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ವಿಪರೀತ ಏರಿತು. ಹೀಗಿರುವಾಗ ಯಾರಾದರೂ 16 ಜಿಬಿಯನ್ನು ಪುಕ್ಕಟೆ ಎಂಬಂತೆ ಕೊಡುತ್ತಿದ್ದರೆ, ಅದು ಹಳೆಯ ಡಿಡಿಆರ್3 ಅಲ್ಲವೇ ಎಂದು ಕೇಳಿ.

ಎಸ್‌ಎಸ್‌ಡಿ ಇದ್ದರೆ ಗೇಮ್ ಬೇಗ ತೆರೆದುಕೊಳ್ಳುತ್ತದೆ. ಆಟದ ನಡುವೆ ಚಿತ್ರಗಳ ಸಂಖ್ಯೆ ಅದರಿಂದ ಹೆಚ್ಚುವುದಿಲ್ಲ.

ಎಸ್‌ಎಂಪಿಎಸ್, ಕರೆಂಟ್ ಬಿಲ್ ಮತ್ತು ‘ಜುಂ’ ಎನ್ನುವ ಕ್ಯಾಬಿನೆಟ್

ದುಡ್ಡು ಉಳಿಸಲು ಎಲ್ಲರೂ ಕೈ ಹಾಕುವುದು ಎಸ್‌ಎಂಪಿಎಸ್‌ಗೆ. ಕಣ್ಣಿಗೆ ಕಾಣದ ಭಾಗ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುತ್ತದೆ ಎಂಬ ಭಾವನೆ. ನನ್ನನ್ನು ಕೇಳಿದರೆ ಕೊನೆಯದಾಗಿ ಕಡಿತ ಮಾಡಬೇಕಾದ ಭಾಗ ಇದು. ಮನೆಯ ಕರೆಂಟನ್ನು ಪಳಗಿಸಿ ಉಳಿದ ಎಲ್ಲ ಭಾಗಗಳಿಗೆ ಹಂಚುವುದು ಇದೇ. ಕೆಟ್ಟದ್ದು ಹಾಳಾಗುವಾಗ ಪಕ್ಕದವರನ್ನೂ ಜೊತೆಗೆ ಕರೆದೊಯ್ಯುತ್ತದೆ. ಅದರ ಮೈಮೇಲಿನ ಚೀಟಿಯಲ್ಲಿ ‘450’ ಎಂದು ದಪ್ಪಗೆ ಬರೆದಿರುವುದನ್ನು ಬಿಟ್ಟು, 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಶಕ್ತಿ ಪಡೆಯುವುದು ಮುಖ್ಯವಾಗಿ ಅಲ್ಲಿಂದ. ಅಲ್ಲಿ 16 ಆಂಪಿಯರ್ ಎಂದಿದ್ದರೆ, 12×16, ಅಂದರೆ ಸಿಗುವುದು 192 ವಾಟ್ ಮಾತ್ರ. ಆರ್‌ಟಿಎಕ್ಸ್ 3060ರಂಥ ಒಂದು ಕಾರ್ಡ್ ಒಂದೇ 170 ವಾಟ್ ಕೇಳುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪು ನಂಬಿಕೆಯೂ ಇದೆ: ‘750 ವಾಟಿನ ಎಸ್‌ಎಂಪಿಎಸ್ ಹಾಕಿಸಿದರೆ ಸದಾ 750 ವಾಟ್ ಎಳೆಯುತ್ತದೆ, ಬಿಲ್ ಹೆಚ್ಚು ಬರುತ್ತದೆ’. ಹಾಗಿಲ್ಲ. ಮನೆ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇದ್ದ ಮಾತ್ರಕ್ಕೆ ದಿನವೂ ಸಾವಿರ ಲೀಟರ್ ಖರ್ಚಾಗುವುದಿಲ್ಲ. ಭಾಗಗಳು ಕೇಳಿದಷ್ಟನ್ನೇ ಅದು ಎಳೆಯುತ್ತದೆ, ಜೊತೆಗೆ ಸ್ವಲ್ಪ ಶಾಖವಾಗಿ ನಷ್ಟವಾಗುತ್ತದೆ.

ಬಿಲ್ ಬರುವುದು ಆಟದ ಹೊತ್ತಿನ ಲೆಕ್ಕದಲ್ಲಿ. ಆಡುವಾಗ ಭಾಗಗಳೆಲ್ಲ ಸೇರಿ 300 ವಾಟ್ ಬಳಸುತ್ತವೆ, ಎಸ್‌ಎಂಪಿಎಸ್ ದಕ್ಷತೆ ನೂರಕ್ಕೆ 85 ಎಂದುಕೊಳ್ಳಿ. ಗೋಡೆಯಿಂದ ಎಳೆಯುವುದು ಸುಮಾರು 353 ವಾಟ್. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 42 ಯೂನಿಟ್, ಮಾನಿಟರ್ ಬೇರೆ. ಕರ್ನಾಟಕದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿ ನಿಂತಿರುವುದು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಮಿತಿ ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. 170 ಯೂನಿಟ್ ಬಳಸುತ್ತಿದ್ದ ಮನೆಗೆ ಗೇಮಿಂಗ್ ಕಂಪ್ಯೂಟರ್ ಬಂದರೆ ಏನಾಗುತ್ತದೆ ಎಂದು ನೀವೇ ಕೂಡಿಸಿ ನೋಡಿ.

ಯುಪಿಎಸ್ ಕೊಳ್ಳುವಾಗಲೂ ಇದೇ ಲೆಕ್ಕ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವಾಟ್. ಮೇಲೆ ಹೇಳಿದ ಯಂತ್ರಕ್ಕೆ ಮಾನಿಟರ್ ಸೇರಿಸಿದರೆ, ಆಟದ ಮಧ್ಯೆ ಕರೆಂಟ್ ಹೋದಾಗ ಅದು ಕಾಪಾಡುವ ಬದಲು ಕುಂಯ್ ಎಂದು ತಾನೇ ಆರಿಹೋಗುತ್ತದೆ.

ಇನ್ನು, ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ‘ಜುಂ’ ಎನ್ನುವ ಅನುಭವ ಅನೇಕರಿಗಿದೆ. ‘ಅದು ಸ್ಟ್ಯಾಟಿಕ್, ಏನಾಗಲ್ಲ’ ಎಂದು ಸಮಾಧಾನ ಹೇಳುವವರಿರುತ್ತಾರೆ. ಬಹುಮಟ್ಟಿಗೆ ಅದು ಮನೆಯಲ್ಲಿ ಅರ್ಥಿಂಗ್ ಇಲ್ಲದಿರುವುದರ ಗುರುತು. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲವನ್ನು ಅರ್ಥ್‌ಗೆ ಕಳಿಸುವ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ತಂತಿ ಎಲ್ಲೂ ಸೇರದಿದ್ದರೆ ಆ ಸಣ್ಣ ಸೋರಿಕೆ ಕ್ಯಾಬಿನೆಟ್ಟಿನ ಮೈಯಲ್ಲೇ ನಿಲ್ಲುತ್ತದೆ. ಸೋರಿಕೆ ಸಣ್ಣದೇ ಇರಬಹುದು. ಆದರೆ ನಾಳೆ ಒಳಗೆ ನಿಜವಾದ ದೋಷ ಬಂದರೆ ಅದಕ್ಕೂ ಹೋಗಲು ದಾರಿ ಇರುವುದಿಲ್ಲ. ಬಣ್ಣದ ಫ್ಯಾನಿಗಿಂತ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ಪರೀಕ್ಷಿಸಿ. ಫ್ಯಾನಿನ ಮಾತು ಬಂತೆಂದು ಒಂದು ಮಾತು: ಮುಂದೆ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್ ಫೋಟೋದಲ್ಲಿ ಚೆನ್ನ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯಾಡುವ ಜಾಲರಿಯದೇ ಚೆನ್ನ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಿರಲಿ, ಅಸೆಂಬಲ್ ಮಾಡಿಸುವಾಗ ಕೊಟೇಶನ್ ಕೇಳಿ. ‘ಐ7, 16, 4’ ಎಂಬ ಸಾಲಲ್ಲ; ಪ್ರತಿ ಭಾಗದ ಕಂಪನಿ, ಪೂರ್ತಿ ಮಾದರಿ ಸಂಖ್ಯೆ, ಬೆಲೆ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ವಾರಂಟಿ ತಯಾರಕರದೋ ಅಂಗಡಿಯದೋ, ಎಷ್ಟು ವರ್ಷ ಎಂದು ಬರೆಸಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕಿಸಿ. ‘ಬಿಲ್ ಬೇಡವೆಂದರೆ 18 ಪರ್ಸೆಂಟ್ ಉಳಿಯುತ್ತೆ’ ಎಂಬ ಮಾತಿಗೆ ಒಪ್ಪಿದರೆ, ಕಾರ್ಡ್ ಸುಟ್ಟಾಗ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಕೊಟೇಶನ್ ಕೈಗೆ ಬಂದ ಮೇಲೆ ಆ ಮಾದರಿ ಸಂಖ್ಯೆಗಳನ್ನು ಫೋನಿನಲ್ಲೇ ಹುಡುಕಿ, ಯಾವ ವರ್ಷದ್ದೆಂದು ನೋಡಿ. ಹತ್ತು ನಿಮಿಷದ ಕೆಲಸ.

ಯಂತ್ರ ಮನೆಗೆ ಬಂದ ದಿನವೇ ಕೆಲವನ್ನು ನೋಡಿಕೊಳ್ಳಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮಿನ ವೇಗ ಕಾಣುತ್ತದೆ; ಬಿಲ್ ಜೊತೆ ತಾಳೆ ನೋಡಿ. ರ‍್ಯಾಮ್ ವೇಗ ಬರೆದದ್ದಕ್ಕಿಂತ ಕಡಿಮೆ ತೋರಿಸಿದರೆ ಮೋಸವೆಂದು ತಕ್ಷಣ ಜಗಳಕ್ಕೆ ಹೋಗಬೇಡಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿರುವುದಿಲ್ಲ, ಅಷ್ಟೇ. 144 ಹರ್ಟ್ಸ್ ಮಾನಿಟರ್ ತಂದು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ರಲ್ಲೇ ಬಿಟ್ಟಿರುವವರೂ ಕಡಿಮೆ ಇಲ್ಲ. ಕೊನೆಯದಾಗಿ ಡಬ್ಬದ ಹಿಂಭಾಗಕ್ಕೆ ಒಮ್ಮೆ ಬಗ್ಗಿ ನೋಡಿ. ಮಾನಿಟರಿನ ಕೇಬಲ್, ಮೇಲೆ ಮೌಸ್ ಮತ್ತು ಕೀಬೋರ್ಡ್ ಸಿಕ್ಕಿಸುವ ಮದರ್‌ಬೋರ್ಡಿನ ಸಾಲಿನಲ್ಲಿ ಇದ್ದರೆ, ಅದನ್ನು ಕಿತ್ತು ಕೆಳಗೆ ಅಡ್ಡಲಾಗಿರುವ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಇಲ್ಲದಿದ್ದರೆ ಅಷ್ಟು ಹಣ ಕೊಟ್ಟು ತಂದ ಕಾರ್ಡ್ ಇದ್ದೂ ಇಲ್ಲದಂತೆ, ಆಟವೆಲ್ಲ ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಮೇಲೆಯೇ ಓಡುತ್ತಿರಬಹುದು.